ಬೋರ್ ಹೊಡೆಸುವ ಹಳೇ ಮಾಟಗಾತಿ ಸಿನಿಮಾ ನೋಡುವುದು ಹೇಗೆ?

1968ರ ಬ್ರಿಟಿಷ್ ಚಿತ್ರ 'ಕರ್ಸ್ ಆಫ್ ದಿ ಕ್ರಿಮ್ಸನ್ ಆಲ್ಟರ್' ನೋಡಬೇಕು ಅಂತಿದ್ದೀರಾ? ಮೊದಲು ಹೆದರುವ ಆಸೆ ಬಿಟ್ಟುಬಿಡಿ. ಹಾರರ್ ಚಿತ್ರಗಳಿಂದಲೇ ಹೆಸರಾದ ಬೋರಿಸ್ ಕಾರ್ಲಾಫ್, ಕ್ರಿಸ್ಟೋಫರ್ ಲೀ, ಬಾರ್ಬರಾ ಸ್ಟೀಲ್ ಮೂವರೂ ಇದ್ದಾರಲ್ಲ ಅಂತ ನಾನೂ ಖುಷಿಯಿಂದ ಕೂತು, ಅರ್ಧಕ್ಕೇ ತೂಕಡಿಸಿದ್ದೆ. ಕತೆ ಇಷ್ಟೇ: ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಕಾಣೆಯಾದ ಸೋದರನನ್ನು ಹುಡುಕಿಕೊಂಡು ಹಳ್ಳಿಯ ಬಂಗಲೆಗೆ ಬರುತ್ತಾನೆ, ಅಲ್ಲಿ ಎಂದೋ ಸುಟ್ಟುಹಾಕಿದ ಮಾಟಗಾತಿಯ ಸೇಡು ಕಾದಿರುತ್ತದೆ.

ರಾತ್ರಿ ಊಟ ಆದಮೇಲೆ ಬೇಡ, ನಿದ್ದೆ ಗ್ಯಾರಂಟಿ. ಸಂಜೆ ಸ್ಟ್ರಾಂಗ್ ಕಾಫಿ ಜೊತೆ ಹಾಕಿ.

ಮಾತುಕತೆ ಎಳೆದಾಗ ಸುಮ್ನೆ ಮನೆ ನೋಡ್ತಾ ಕೂರಿ. ಅದು ಸೆಟ್ ಅಲ್ಲ. ನಾಟಕಕಾರ ಡಬ್ಲ್ಯೂ. ಎಸ್. ಗಿಲ್ಬರ್ಟ್ ವಾಸವಿದ್ದ, ಲಂಡನ್ನಿನ ಹ್ಯಾರೋ ಕಡೆಯ 'ಗ್ರಿಮ್ಸ್ ಡೈಕ್'. ಕನಸಿನ ದೃಶ್ಯಗಳನ್ನು ಮಾತ್ರ ಫಾರ್ವರ್ಡ್ ಮಾಡಬೇಡಿ: ಮೈಗೆ ಹಸಿರು ಬಣ್ಣ ಬಳಿದುಕೊಂಡು, ಕೊಂಬಿನ ಕಿರೀಟ ತೊಟ್ಟು ಮಾಟಗಾತಿಯಾಗಿ ಸ್ಟೀಲ್ ಕೂತಿರುವುದೇ ಇಡೀ ಚಿತ್ರದ ಜೀವ. ಪಾಪ, ಆಕೆಗೆ ಕೆಲಸವೇ ಕಮ್ಮಿ.

ಇನ್ನೊಂದು, ಈ ಮನೆಯಲ್ಲಿ ಬೋರಿಸ್ ಕಾರ್ಲಾಫ್ ಯಾವಾಗ ಬೇಕಾದರೂ ಎದ್ದು ಬರಬಹುದು ಅಂತ ನಾಯಕ ತಮಾಷೆ ಮಾಡುತ್ತಾನೆ. ಆಮೇಲೆ ಗಾಲಿಕುರ್ಚಿಯಲ್ಲಿ ಕಾರ್ಲಾಫ್ ನಿಜವಾಗಿಯೂ ಬರುತ್ತಾರೆ! ಅಲ್ಲಿ ನಕ್ಕುಬಿಡಿ.