ಕಾಳಿ ಅಳಿವೆಯ ಮ್ಯಾಟ್ರಿಕ್ಸು, ಹದಿನಾರು ಕೋರು: ನನ್ನ ಅನುಭವ

ಹುಣ್ಣಿಮೆಯಿಂದ ಅಮಾವಾಸ್ಯೆವರೆಗಿನ ಭರತ-ಇಳಿತವನ್ನು ಕಾರವಾರದ ಕಾಳಿ ಅಳಿವೆಯ ನನ್ನ ಕಂಪ್ಯೂಟರ್ ಮಾಡೆಲ್ಲು ಒಂದೇ ಕೋರಿನಲ್ಲಿ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ಲೆಕ್ಕ ಹಾಕಲು ಎಂಟು ದಿನ ತಗೊಳ್ಳುತ್ತಿತ್ತು. ಈಗ ಇಪ್ಪತ್ತಾರು ಗಂಟೆ ಸಾಕು. "ಸ್ಪಾರ್ಸ್ ಮ್ಯಾಟ್ರಿಕ್ಸು ಒಂದೇ ಮಶೀನಲ್ಲಿ ಎಷ್ಟು ಗುದ್ದಾಡಿದರೂ ಅಷ್ಟೇ ಮಾರಾಯ, ಕ್ಲೌಡಿಗೆ ಹೋಗು" ಎಂದಿದ್ದ ಬೆಂಗಳೂರಿನ ಗೆಳೆಯರು ಇದನ್ನು ಓದಲಿ. ಸ್ಪಾರ್ಸ್ ಮ್ಯಾಟ್ರಿಕ್ಸು ಅಂದರೆ ಬಹುಪಾಲು ಸೊನ್ನೆಯೇ ತುಂಬಿದ ಸಂಖ್ಯೆಗಳ ಕೋಷ್ಟಕ, ಮಾಡೆಲ್ಲು ಪ್ರತಿ ಹೆಜ್ಜೆಗೂ ಬಿಡಿಸುವುದು ಅದನ್ನೇ.

ಕ್ಲೌಡಿಗೂ, ಅಂದರೆ ಬಾಡಿಗೆ ಮಶೀನಿಗೂ, ಹೋಗಿದ್ದೆ. ಚೌತಿಗೆ ಶಿರಸಿಗೆ ಹೊರಡುವ ಗಡಿಬಿಡಿಯಲ್ಲಿ ಮಶೀನು ನಿಲ್ಲಿಸಲು ಮರೆತು, ಅದು ಐದು ದಿನ ಸುಮ್ಮನೆ ಓಡಿ, ಆ ತಿಂಗಳು ಇಪ್ಪತ್ತೇಳು ಸಾವಿರದ ಬಿಲ್ಲು ಬಂತು. ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಅರವತ್ತೆರಡು ಸಾವಿರಕ್ಕೆ ಹಳೇ ಕಂಪ್ಯೂಟರ್ ಡಬ್ಬಿಯೊಂದನ್ನು ತಂದೆ: ಎರಡು ಝೀಯಾನ್ ಇ5-2670 ಚಿಪ್ಪು, ಎಂಟೆಂಟು ಕೋರು. ಕರೆಂಟು ಹೋದರೆ ಬೇಕಾದ ಯುಪಿಎಸ್‌ಗೆ ಮತ್ತೆ ಹದಿನೆಂಟು ಸಾವಿರ. ಕಾರವಾರದ ಉಪ್ಪುಗಾಳಿಗೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ರ‍್ಯಾಮ್ ಕಿತ್ತು ಅದರ ಹಲ್ಲನ್ನು ಶಾಲೆ ಮಕ್ಕಳ ರಬ್ಬರಿನಲ್ಲಿ ತಿಕ್ಕಬೇಕು. ಇದನ್ನು ಯಾವ ಮ್ಯಾನ್ಯುಯಲ್ಲಿನಲ್ಲೂ ಬರೆದಿಲ್ಲ.

ಮಾಡೆಲ್ಲಿನಲ್ಲಿ ಅಳಿವೆಯನ್ನು ಮೇಲಿಂದ ನೋಡಿದರೆ ಸುಮಾರು ಎರಡು ಲಕ್ಷ ತ್ರಿಕೋನ, ಪ್ರತಿಯೊಂದರ ಕೆಳಗೆ ಆಳಕ್ಕೆ ತಕ್ಕಷ್ಟು ಪದರ. ದೇವಗಡ ದ್ವೀಪದಾಚೆ ಇಪ್ಪತ್ತೈದರ ತನಕ. ಅಳಿವೆಯೊಳಗಿನ ಕೆಸರು ದಿಬ್ಬದಲ್ಲಿ ಒಂದೋ ಎರಡೋ, ಇಳಿತಕ್ಕೆ ಅದೂ ಇಲ್ಲ. 2024ರ ಆಗಸ್ಟಿನಲ್ಲಿ ಕುಸಿದ ಹಳೇ ಸೇತುವೆಯ ಕಂಬಗಳ ಸುತ್ತ ಮೂರು ಮೀಟರಿನ ತ್ರಿಕೋನ, ಸಮುದ್ರದ ಕಡೆ ಇನ್ನೂರು ಮೀಟರಿನದು. ಒಟ್ಟು ಹದಿನೆಂಟು ಲಕ್ಷ ಕೋಶ, ಮ್ಯಾಟ್ರಿಕ್ಸಿನಲ್ಲಿ ಸೊನ್ನೆಯಲ್ಲದ ಸಂಖ್ಯೆ ಒಂದು ಕೋಟಿ ಚಿಲ್ಲರೆ. ಒಂದೊಂದಕ್ಕೆ 12 ಬೈಟ್ ಅಂದರೂ 130 ಎಂಬಿ, 20 ಎಂಬಿಯ ಕ್ಯಾಶಿಗೆ (ಚಿಪ್ಪಿನೊಳಗಿನ ಚುರುಕು ಮೆಮೊರಿ) ಎಲ್ಲಿ ಹಿಡಿಸಬೇಕು?

ಮೊದಲು ತ್ರಿಕೋನ ಎಣಿಸಿ ಹದಿನಾರು ಥ್ರೆಡ್ಡಿಗೆ (ಕೋರಿಗೊಂದರಂತೆ ಓಡುವ ಕೆಲಸದ ಎಳೆ) ಸಮನಾಗಿ ಹಂಚಿದೆ. ಎಂಟು ದಿನದ್ದು ಐದಕ್ಕೆ ಇಳಿಯಿತು, ಅಷ್ಟೇ. ಕೆಲಸ ಮುಗಿಸಿದ ಥ್ರೆಡ್ಡಿಗೆ ಮುಂದಿನ ತುಂಡು ಕೊಡುವ ಡೈನಾಮಿಕ್ ಶೆಡ್ಯೂಲ್ ಹಾಕಿದರೆ ಇನ್ನೂ ಅರ್ಧ ದಿನ ಹೆಚ್ಚಾಯಿತು.

ಉತ್ತರ ಸಿಕ್ಕಿದ್ದು ಊರ ಜಗಲಿಯಲ್ಲಿ, ಅಡಿಕೆ ಸುಲಿಯುವಾಗ. ಅಲ್ಲಿ ಯಾರೂ ಅಡಿಕೆ ಕೊನೆ (ಗೊನೆ) ಎಣಿಸಿ ಪಾಲು ಹಾಕುವುದಿಲ್ಲ. ಒಂದು ಕೊನೆಯಲ್ಲಿ ಮುನ್ನೂರು ಕಾಯಿ, ಪಕ್ಕದ್ದರಲ್ಲಿ ಐವತ್ತು. ಸುಲಿದ ಡಬ್ಬದ ಲೆಕ್ಕಕ್ಕೇ ಕೂಲಿ. ನಾನು ಡಬ್ಬವನ್ನೇ ನೋಡುತ್ತ ಕೂತಿದ್ದು ಕಂಡು ಆಯಿ, "ಎಂತ ನೋಡ್ತಾ ಕೂತ್ಯೋ ತಮಾ, ನೀನೂ ಒಂದು ಮೆಟ್ಟುಗತ್ತಿ ತಗ" ಎಂದಳು. ನಾನು ಲ್ಯಾಪ್‌ಟಾಪ್ ತಗೊಂಡೆ. ತ್ರಿಕೋನ ಎಣಿಸುವ ಬದಲು ಸೊನ್ನೆಯಲ್ಲದ ಸಂಖ್ಯೆ ಎಣಿಸಿ ಪಾಲು ಹಾಕಬೇಕಿತ್ತು. ಸಿಎಸ್‌ಆರ್‌ನ (ಸೊನ್ನೆ ಬಿಟ್ಟು ಸಾಲು ಸಾಲಾಗಿ ಸಂಖ್ಯೆ ಇಡುವ ಕ್ರಮ) ರೋ ಪಾಯಿಂಟರೇ, ಅಂದರೆ ಪ್ರತಿ ಸಾಲು ಶುರುವಾಗುವ ಜಾಗದ ಪಟ್ಟಿಯೇ, ಕೂಡಿಸುತ್ತ ಬಂದ ಲೆಕ್ಕವಲ್ಲವೇ? ಅದರಲ್ಲಿ ಹದಿನೈದು ಸಲ ಬೈನರಿ ಸರ್ಚ್ (ಅರ್ಧರ್ಧ ಮಾಡುತ್ತ ಹುಡುಕುವುದು) ಮಾಡಿದರೆ ಪಾಲು ಮುಗಿಯಿತು. ಮೂರೂವರೆ ದಿನಕ್ಕೆ ಬಂತು.

ಅಲ್ಲಿಗೆ ನಿಂತುಬಿಟ್ಟಿತು. ಎರಡು ವಾರ ತಲೆ ಕೆರೆದ ಮೇಲೆ ಗೊತ್ತಾಯಿತು, ಇಡೀ ಮ್ಯಾಟ್ರಿಕ್ಸನ್ನು ಮೊದಲು ತುಂಬುತ್ತಿದ್ದದ್ದು ಮೇನ್ ಥ್ರೆಡ್ಡು. ಮೊದಲು ಮುಟ್ಟಿದವರ ಕಡೆಯ ಮೆಮೊರಿಗೇ ಡೇಟಾ ಹೋಗುತ್ತದೆ, ಹಾಗಾಗಿ ಎಲ್ಲ ಡೇಟಾ ಒಂದೇ ಸಾಕೆಟ್ಟಿನ (ಚಿಪ್ಪು ಕೂರುವ ಜಾಗ) ರ‍್ಯಾಮಿನಲ್ಲಿ ಕೂತು, ಇನ್ನೊಂದು ಸಾಕೆಟ್ಟಿನ ಎಂಟು ಕೋರೂ ಪಕ್ಕದ ಮನೆಯ ಬಾವಿಯಿಂದ ನೀರು ಸೇದುತ್ತಿದ್ದವು. ಅವರವರ ಪಾಲನ್ನು ಅವರವರೇ ಮೊದಲು ಮುಟ್ಟುವ ಹಾಗೆ ಮಾಡಿದೆ, ಎರಡು ದಿನ.

ಉತ್ತರಕ್ಕೆ ಬೇಗ ತಲುಪಲು ಮ್ಯಾಟ್ರಿಕ್ಸನ್ನು ಹದ ಮಾಡುವ ಪ್ರೀಕಂಡೀಷನರಿನದು ಬೇರೆ ಕತೆ. ಐಎಲ್‌ಯು (ಅದರ ಒಂದು ಬಗೆ) ಒಂದಾದ ಮೇಲೊಂದು ಸಾಲಾಗಿಯೇ ಓಡಬೇಕು. ಒಂದಕ್ಕೊಂದು ತಾಗದ ಕೋಶಗಳಿಗೆ ಒಂದೇ ಬಣ್ಣ ಹಚ್ಚಿ ಒಟ್ಟಿಗೆ ಬಿಡಿಸಿದರೆ ಅರವತ್ತಿದ್ದ ಇಟರೇಷನ್ನು (ಉತ್ತರಕ್ಕೆ ತಲುಪುವ ಸುತ್ತು) ನೂರು ದಾಟಿತು. ನನ್ನ ಕೋಶಗಳು ದೋಸೆಯ ಹಾಗೆ, ದಪ್ಪ ಅರ್ಧ ಮೀಟರು, ಅಗಲ ಹತ್ತಾರು ಮೀಟರು. ಹಾಗಾಗಿ ಸಂಬಂಧವೆಲ್ಲ ಮೇಲೆ-ಕೆಳಗೇ ಗಟ್ಟಿ. ಒಂದು ತ್ರಿಕೋನದ ಕೆಳಗಿನ ಕೋಶಗಳೆಲ್ಲ ಒಂದು ಕಂಬ; ಒಂದೊಂದು ಕಂಬವನ್ನೂ ಟ್ರೈಡಯಾಗನಲ್ (ಮೇಲಿನ-ಕೆಳಗಿನ ನೆರೆಯ ಜತೆ ಮಾತ್ರ ಸಂಬಂಧ) ಮಾಡಿ ಪೂರ್ತಿ ಬಿಡಿಸಿದೆ. ಯಾವ ಕಂಬಕ್ಕೂ ಇನ್ನೊಂದರ ಹಂಗಿಲ್ಲ. ಇಟರೇಷನ್ ಎಪ್ಪತ್ತರ ಆಸುಪಾಸಿಗೆ ಇಳಿಯಿತು. ಈ ಭಾಗವನ್ನು ಸಿಂಗಲ್ ಪ್ರಿಸಿಷನ್ನಿನಲ್ಲೇ (ಕಡಿಮೆ ಅಂಕಿಯ ಸಂಖ್ಯೆ) ಇಟ್ಟಿದ್ದೇನೆ. ಉತ್ತರ ಕೆಟ್ಟಿಲ್ಲ, ಓದುವ ಬೈಟ್ ಅರ್ಧವಾಯಿತು. ಕಂಬಗಳಿಗೆ ಮಾತ್ರ ಕಟ್‌ಹಿಲ್-ಮೆಕ್ಕೀ ಕ್ರಮದಲ್ಲಿ (ನೆರೆಯವು ಹತ್ತಿರ ಹತ್ತಿರ ಬರುವಂತೆ) ಹೊಸ ನಂಬರು ಕೊಟ್ಟ ಮೇಲೆ ಈಗಿನ ಇಪ್ಪತ್ತಾರು ಗಂಟೆ ಬಂತು. ಹದಿನಾರು ಕೋರಿಗೆ ಏಳು ಪಟ್ಟೇ ಎನ್ನುವವರು ಮೊದಲು ಈ ಡಬ್ಬಿಯ ಮೆಮೊರಿ ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಎಷ್ಟು ಡೇಟಾ ತರಬಲ್ಲದು ಎನ್ನುವುದು) ಅಳೆದು ಬರಲಿ.

ನಡುವೆ ಹನ್ನೆರಡು ಸಾವಿರ ಕೊಟ್ಟು ಹಳೇ ಗ್ರಾಫಿಕ್ಸ್ ಕಾರ್ಡೂ ತಂದಿದ್ದೆ. ಗುಣಾಕಾರವೇನೋ ನಾಲ್ಕು ಪಟ್ಟು ಜೋರು. ಆದರೆ ಕೆಸರು ಮುಳುಗಿ ಎದ್ದ ಹಾಗೆಲ್ಲ ಮ್ಯಾಟ್ರಿಕ್ಸು ಬದಲಾಗಿ, ಪ್ರತಿ ಹೆಜ್ಜೆಗೂ ಅದನ್ನು ಕಾರ್ಡಿಗೆ ಸಾಗಿಸುವುದರಲ್ಲೇ ಲಾಭವೆಲ್ಲ ಹೋಯಿತು. ಈಗ ಮಗ ಅದರಲ್ಲಿ ಗೇಮ್ ಆಡುತ್ತಾನೆ.

ಅತ್ತದ್ದು ಮಾತ್ರ ಕೂರ್ಮಗಡ ದ್ವೀಪದ ಬಳಿ. ಅಲ್ಲೊಂದು ಕಡೆ ನೀರಿನ ಮಟ್ಟ ಎರಡು ಸೆಂಟಿಮೀಟರ್ ಜಿಗಿಯುತ್ತಿತ್ತು, ಪ್ರತಿ ರನ್ನಿಗೂ ಬೇರೆ ಬೇರೆ. ಮೂರು ವಾರ ಆಳದ ಸರ್ವೆಯನ್ನೇ ಬೈದೆ, ಸರ್ವೆ ಮಾಡಿದವರಿಗೆ ಫೋನೂ ಮಾಡಿದೆ. ಕೊನೆಗೆ ನೋಡಿದರೆ ಎರಡು ಥ್ರೆಡ್ಡು ಒಂದೇ ಕೋಶಕ್ಕೆ ಒಟ್ಟೊಟ್ಟಿಗೆ ಕೂಡಿಸುತ್ತಿದ್ದವು. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯುವ ಅಟಾಮಿಕ್ ಹಾಕಿದರೆ ನಿಧಾನ. ಗಡಿಯ ಮುಖಗಳನ್ನು ಎರಡೂ ಕಡೆಯವರು ತಮ್ಮ ತಮ್ಮ ಪಾಲಿಗೆ ಒಂದೊಂದು ಸಲ ಲೆಕ್ಕ ಹಾಕಿಕೊಳ್ಳುವಂತೆ ಬಿಟ್ಟೆ.

ಭರತ ಏರಿದಂತೆ ಪಾಲನ್ನು ಯಾವಾಗ ಮತ್ತೆ ಹಾಕಬೇಕು ಎನ್ನುವುದು ನನ್ನ ಅನ್ನದ ಲೆಕ್ಕ, ಅದು ನನ್ನ ಹತ್ತಿರವೇ ಇರಲಿ. ಪ್ರತಿ ಹೆಜ್ಜೆಗೂ ಹಾಕಿದರೆ ನಷ್ಟ ಎಂದಷ್ಟೇ ಹೇಳುತ್ತೇನೆ.

ಈಗ ಅಘನಾಶಿನಿ ಅಳಿವೆಯ ಮೆಶ್ (ತ್ರಿಕೋನಗಳ ಬಲೆ) ಏರಿಸಿದ್ದೇನೆ, ಅಲ್ಲಿ ಕೆಸರು ಇನ್ನೂ ಜಾಸ್ತಿ. ಮೊದಲ ರನ್ನು ನಿನ್ನೆ ರಾತ್ರಿ ಎರಡಕ್ಕೆ ಕರೆಂಟು ಹೋಗಿ, ಯುಪಿಎಸ್ಸೂ ಖಾಲಿಯಾಗಿ, ಮಾಡೆಲ್ಲಿನ ಒಂಬತ್ತನೇ ದಿನದಲ್ಲಿ ನಿಂತಿದೆ.