ಕನ್ನಡದಲ್ಲಿ ರಾಕ್ ಕಟ್ಟುವವರಿಗೆ: ತಾಳದಿಂದ ರಾಯಲ್ಟಿವರೆಗೆ

ರಾಕ್‌ಗೆ ಜಾನಪದ ಬೆರೆಸುವುದು ಅಂದರೆ ಗಿಟಾರ್ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸಾಲು) ಮೇಲೆ ಒಂದು ಕೊಳಲು ಕೂರಿಸುವುದಲ್ಲ. ಬೆರಕೆ ಶುರುವಾಗಬೇಕಾದ್ದು ಸ್ವರದಲ್ಲಿ, ತಾಳದಲ್ಲಿ, ಮಾತಿನ ನಡೆಯಲ್ಲಿ. ಅಲ್ಲಿ ಕೂಡಿದರೆ ಮೇಲೆ ಯಾವ ವಾದ್ಯ ಹಾಕಿದರೂ ಒಪ್ಪುತ್ತದೆ.

ಮೊದಲು ಸ್ವರ. ಲೀಡ್ ಗಿಟಾರ್ ಕಲಿಯುವವರ ಕೈಗೆ ಮೊದಲು ಬರುವುದು ಮೈನರ್ ಪೆಂಟಟಾನಿಕ್. ಅದೇ ಐದು ಸ್ವರ ನಮ್ಮ ಶುದ್ಧ ಧನ್ಯಾಸಿ ರಾಗ. ಮೇಜರ್ ಪೆಂಟಟಾನಿಕ್ ಅಂದರೆ ಮೋಹನ ರಾಗ. ಸ್ವರಗಳು ಒಂದೇ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಬೇರೆ. ಬ್ಲೂಸ್‌ನವರು ತಂತಿ ಎಳೆದು ಬೆಂಡ್ ಮಾಡುತ್ತಾರೆ, ನಮ್ಮಲ್ಲಿ ಸ್ವರವನ್ನು ತೂಗಿಸಿ, ಜಾರಿಸುವ ಗಮಕ ಇದೆ. ಒಂದೇ ಸಾಲನ್ನು ಎರಡೂ ರೀತಿ ನುಡಿಸಿ, ಫೋನಲ್ಲೇ ರೆಕಾರ್ಡ್ ಮಾಡಿ ಕೇಳಿ. ನಿಮ್ಮ ಹಾಡಿಗೆ ಯಾವುದು ಎಲ್ಲಿ ಬೇಕು ಅಂತ ಕಿವಿಯೇ ಹೇಳುತ್ತದೆ.

ತಾಳದ ವಿಷಯಕ್ಕೆ ಬಂದರೆ ನನಗೆ ನಿಜವಾಗಲೂ ಖುಷಿ ಜಾಸ್ತಿ. ಕುಮಾರವ್ಯಾಸನ ಯಾವುದಾದರೂ ಒಂದು ಪದ್ಯ ತೆಗೆದುಕೊಂಡು ಚಪ್ಪಾಳೆ ತಟ್ಟುತ್ತಾ ಜೋರಾಗಿ ಓದಿ. ಭಾಮಿನಿ ಷಟ್ಪದಿ ನಡೆಯುವುದು 3+4 ಮಾತ್ರೆಗಳಲ್ಲಿ, ಅಂದರೆ ಏಳು. ಪ್ರೋಗ್ರೆಸಿವ್ ರಾಕ್ ಬ್ಯಾಂಡ್‌ಗಳು ತಿಂಗಳುಗಟ್ಟಲೆ ಅಭ್ಯಾಸ ಮಾಡುವ ಏಳರ ಲೆಕ್ಕ, ಗಮಕಿಗಳು ಕುಮಾರವ್ಯಾಸನನ್ನು ಓದುವುದನ್ನು ಕೇಳುತ್ತಾ ಬೆಳೆದ ಕಿವಿಗೆ ತೀರಾ ಸಹಜ, ಅಲ್ವಾ? ವಾರ್ಧಕ ಷಟ್ಪದಿಯದ್ದು ಐದೈದು ಮಾತ್ರೆ. ಡ್ರಮ್ಸ್‌ನಲ್ಲಿ ಮೂರರ ಮೊದಲ ಪೆಟ್ಟಿಗೆ ಕಿಕ್, ನಾಲ್ಕರ ಮೊದಲ ಪೆಟ್ಟಿಗೆ ಸ್ನೇರ್ ಕೊಟ್ಟು ಸುಮ್ನೆ ಹತ್ತು ನಿಮಿಷ ನುಡಿಸುತ್ತಿರಿ. ಅದರ ಮೇಲೆ ಸಾಲು ಗುನುಗಿ. ಬರೆಯುವಾಗ ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಅನ್ನುವುದು ತಲೆಯಲ್ಲಿರಲಿ. ಟ್ಯೂನ್ ಉಳಿಸಲು ‘ಮನೆ’ಯನ್ನು ‘ಮಾನೆ’ ಅಂತ ಎಳೆದರೆ ಕೇಳುವವರಿಗೆ ಚುಚ್ಚುತ್ತದೆ. ಆಗ ಬದಲಾಗಬೇಕಾದ್ದು ಟ್ಯೂನ್.

ಎಷ್ಟು ವಾದ್ಯ ಕಲಿಯಬೇಕು? ಒಂದರಲ್ಲಿ ವೇದಿಕೆ ಹಿಡಿದು ನಿಲ್ಲುವಷ್ಟು ಗಟ್ಟಿಯಾಗಿರಬೇಕು. ಉಳಿದವು ಹಾಡು ಕಟ್ಟಲು ಸಾಕಾಗುವಷ್ಟು ಬಂದರೆ ಸಾಕು. ಎರಡನೆಯದಾಗಿ ಬೇಸ್ ಗಿಟಾರ್ ಕಲಿಯಿರಿ, ತಾಳ ಮತ್ತು ಸ್ವರ ಎರಡೂ ಕೂಡುವ ಜಾಗ ಅದು. ಹಾರ್ಮೋನಿಯಂ, ತಬಲಾದಂಥವು ಬೇಕಿದ್ದರೆ ಬೆಂಗಳೂರಿನ ಬಳೇಪೇಟೆಯ ವಾದ್ಯದಂಗಡಿಗಳಿಗೆ ಹೋಗಿ. ಕೊಳ್ಳದಿದ್ದರೂ ಒಂದು ಸುತ್ತು ಹಾಕಿ, ಕೈಯಲ್ಲಿ ಹಿಡಿದು ನಾದ ಕೇಳದೆ ಆನ್‌ಲೈನಲ್ಲಿ ತರಿಸಬೇಡಿ.

ಮನೆಯಲ್ಲಿ ರೆಕಾರ್ಡ್ ಮಾಡಲು ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ (ಮೈಕ್, ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ), ಒಂದು ಒಳ್ಳೆ ಮೈಕ್, ಹೆಡ್‌ಫೋನ್ ಇದ್ದರೆ ಶುರು ಮಾಡಬಹುದು. ಮೊದಲು ಕ್ಲಿಕ್ (ಲಯ ಹಿಡಿಯಲು ಹೆಡ್‌ಫೋನಲ್ಲಿ ಬರುವ ಟಿಕ್ ಟಿಕ್) ಜೊತೆ ಹಾಡಿ ಗಿಟಾರ್ ನುಡಿಸಿದ ಒಂದು ಕಚ್ಚಾ ಟ್ರ್ಯಾಕ್, ಆಮೇಲೆ ಡ್ರಮ್ಸ್, ಬೇಸ್, ಗಿಟಾರ್, ಕೊನೆಗೆ ನಿಜವಾದ ಹಾಡುಗಾರಿಕೆ. ಎಲ್ಲವನ್ನೂ ನೀವೇ ನುಡಿಸಬಹುದು, ಆದರೆ ಹಾಗೆ ಮಾಡಿದರೆ ಎಲ್ಲ ವಾದ್ಯವೂ ಒಂದೇ ರೀತಿ ಉಸಿರಾಡುತ್ತದೆ. ಒಂದಾದರೂ ಟ್ರ್ಯಾಕ್‌ಗೆ ಬೇರೆಯವರನ್ನು ಕರೆಯಿರಿ. ಡೊಳ್ಳು ಬೇಕಿದ್ದರೆ ಡೊಳ್ಳಿನವರನ್ನೇ ಕರೆದು, ಸರಿಯಾದ ಸಂಭಾವನೆ ಕೊಟ್ಟು, ಎರಡೂ ಮುಖಕ್ಕೆ ಒಂದೊಂದು ಮೈಕ್ ಇಟ್ಟು ದೊಡ್ಡ ಕೋಣೆಯಲ್ಲಿ ರೆಕಾರ್ಡ್ ಮಾಡಿ. ಮೊದಲೇ ರೆಕಾರ್ಡ್ ಮಾಡಿಟ್ಟ ಸ್ಯಾಂಪಲ್‌ನಲ್ಲಿ ಆ ಗಾಳಿ ಬರುವುದಿಲ್ಲ.

ಇನ್ನು ವೇದಿಕೆ. ಇಂದಿರಾನಗರ, ಕೋರಮಂಗಲದ ಪಬ್‌ಗಳಲ್ಲಿ ಇಂಗ್ಲಿಷ್ ಕವರ್ (ಬೇರೆಯವರ ಹಾಡು) ಕೇಳುವವರು ಇದ್ದೇ ಇರುತ್ತಾರೆ. ಮೂರು ಕವರ್ ನಡುವೆ ಒಂದು ಸ್ವಂತದ್ದು ಅಂತ ಶುರು ಮಾಡಿ, ನಿಧಾನಕ್ಕೆ ಲೆಕ್ಕ ತಿರುಗಿಸಿ. ಕನ್ನಡದಲ್ಲಿ ಹಾಡಲು ಹಿಂಜರಿಕೆ ಬೇಡ. ರಘು ದೀಕ್ಷಿತ್ ಶರೀಫರ ತತ್ವಪದಗಳನ್ನು ಗಿಟಾರ್ ಜೊತೆ ಹಾಡಿದರು, 2008ರಲ್ಲಿ ಮೊದಲ ಆಲ್ಬಮ್ ತಂದರು, 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಸಂಗೀತ ಕಾರ್ಯಕ್ರಮದವರೆಗೆ ಹೋದರು. ಬಯಲಿನ ಕಾರ್ಯಕ್ರಮವಾದರೆ ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ, ಸೌಂಡ್‌ಚೆಕ್ ತಡವಾದರೆ ಕತ್ತರಿ ಬೀಳುವುದು ಕೊನೆಯ ಹಾಡುಗಳಿಗೆ. ಹಾಗಾಗಿ ನಿಮ್ಮ ಗಟ್ಟಿ ಹಾಡನ್ನು ಕೊನೆಗೆ ಉಳಿಸಬೇಡಿ.

ಹಕ್ಕಿನ ವಿಷಯ ತಪ್ಪಿಯೂ ಕಡೆಗಣಿಸಬೇಡಿ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದ ಯಾರು ಬೇಕಾದರೂ ಹಾಡಬಹುದು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ನಮ್ಮ ಕಾನೂನಿನಲ್ಲಿ ಕವಿ ಹೋದ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಅಂದರೆ 2041 ಮುಗಿಯುವವರೆಗೆ ಅವರ ಕವಿತೆಗೆ ಟ್ಯೂನ್ ಹಾಕಿ ಬಿಡುಗಡೆ ಮಾಡಲು ಹಕ್ಕುದಾರರ ಅನುಮತಿ ಬೇಕು. ನಿಮ್ಮ ಹಾಡು ಸಿನಿಮಾಕ್ಕೆ ಹೋದರೆ ಒಪ್ಪಂದವನ್ನು ಸಾಲು ಸಾಲಾಗಿ ಓದಿ. 2012ರ ತಿದ್ದುಪಡಿ ಪ್ರಕಾರ ಥಿಯೇಟರ್ ಆಚೆಗಿನ ಬಳಕೆಗೆ ಬರುವ ರಾಯಲ್ಟಿಯಲ್ಲಿ ಸಾಹಿತ್ಯ ಬರೆದವರಿಗೂ ಸಂಗೀತ ಕಟ್ಟಿದವರಿಗೂ ಪಾಲಿದೆ, ಅದನ್ನು ನಿರ್ಮಾಪಕರಿಗೆ ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡರೂ ನಡೆಯುವುದಿಲ್ಲ. ಸಾಹಿತ್ಯ, ಸಂಗೀತದವರ ಪರವಾಗಿ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವ ಮಾಡಿಸಿ, ಹಾಡುಗಳನ್ನು ನೋಂದಾಯಿಸಿ. ಬ್ಯಾಂಡ್‌ನಲ್ಲಿ ಯಾರು ಸಾಹಿತ್ಯ, ಯಾರು ಟ್ಯೂನ್, ಯಾರಿಗೆ ಎಷ್ಟು ಪಾಲು ಅನ್ನುವುದನ್ನು ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ.