ಗೆಳೆಯ ಬಿಟ್ಟುಹೋದ ಡೈವರ್ ವಾಚು: ಕಡಲ ಬದಿಯಲ್ಲಿ ಅದನ್ನು ಮತ್ತೆ ಓಡಿಸುವ ಬಗೆ

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆಯ ಮನೆಗಳಲ್ಲಿ ಗಲ್ಫಿನಿಂದ ಬಂದ ಹಳೆಯ ಸೀಕೊ ವಾಚು ಕಪಾಟಿನ ಮೂಲೆಯಲ್ಲಿ ಸಿಗುವುದು ಹೊಸತೇನಲ್ಲ. ಕಟ್ಟಿಕೊಳ್ಳುತ್ತಿದ್ದವರು ತೀರಿಕೊಂಡ ಮೇಲೆ ಮನೆಯವರು ಅದನ್ನು ಆಪ್ತ ಗೆಳೆಯನ ಕೈಗೆ ಕೊಡುತ್ತಾರೆ. ಅಷ್ಟು ಹೊತ್ತಿಗೆ ಗ್ಲಾಸು ಗೀರಿ ಮಸುಕಾಗಿರುತ್ತದೆ, ಬೆಲ್ಟು ಒಡೆದಿರುತ್ತದೆ, ಅಲುಗಾಡಿಸಿದರೆ ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಇಲ್ಲಿ ಉದಾಹರಣೆಗೆ ಹಿಡಿದಿರುವುದು ಸೀಕೊ 6309-7040. 1976ರಿಂದ 1988ರವರೆಗೆ ತಯಾರಾದ, ದಿಂಬಿನಾಕಾರದ ಕೇಸಿನ, 4 ಗಂಟೆಯ ಜಾಗದಲ್ಲಿ ಕೀ (ತಿರುಗಿಸುವ ಗುಂಡಿ) ಇರುವ, 150 ಮೀಟರ್ ಎಂದು ಡಯಲಿನಲ್ಲೇ ಬರೆದಿರುವ ಆಟೋಮ್ಯಾಟಿಕ್, ಅಂದರೆ ಕೈಯ ಅಲುಗಾಟದಿಂದಲೇ ಸ್ಪ್ರಿಂಗ್ ಸುತ್ತಿಕೊಳ್ಳುವ ವಾಚು. ಬೇರೆ ಡೈವರ್ (ನೀರಿನಲ್ಲಿ ಮುಳುಗುವವರಿಗಾಗಿ ಮಾಡಿದ ವಾಚು) ಆದರೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ತೀರ್ಮಾನಿಸಬೇಕಾದದ್ದು ಏನನ್ನು ಮುಟ್ಟಬಾರದು ಎಂಬುದು. ಅಂಗಡಿಗೆ ಕೊಟ್ಟರೆ ಕೇಸನ್ನು ಬಫ್ ಮಾಡಿ ಕನ್ನಡಿಯಂತೆ ಹೊಳೆಯಿಸಿ, ಡಯಲಿಗೆ ಹೊಸ ಬಣ್ಣ ಹೊಡೆಸಿ ಕೊಡುವವರು ಬೇಕಾದಷ್ಟಿದ್ದಾರೆ. ಈ ಕೇಸಿನ ಮೇಲ್ಭಾಗಕ್ಕೆ ಸೂಕ್ಷ್ಮ ಗೆರೆಗಳ ಫಿನಿಶ್ ಇದೆ, ಬದಿಗಳಿಗೆ ಹೊಳಪಿದೆ, ಇವೆರಡರ ನಡುವೆ ಚೂಪಾದ ಅಂಚಿದೆ. ಬಫ್ ಚಕ್ರ ಒಮ್ಮೆ ತಾಗಿತೆಂದರೆ ಆ ಅಂಚು ಉರುಟಾಗುತ್ತದೆ, ಮತ್ತೆ ತರಲಾಗದು. ಗೀರುಗಳು ತೀರಿಕೊಂಡ ಗೆಳೆಯನ ಕೈಯಲ್ಲಿ ಬಿದ್ದವು, ಇರಲಿ. ಡಯಲ್, ಮುಳ್ಳು, ಕೇಸು, ಹಿಂಬದಿಯ ಮುಚ್ಚಳ ಉಳಿಯಬೇಕು. ಗ್ಲಾಸು, ರಬ್ಬರ್ ರಿಂಗುಗಳು, ಮೈನ್ ಸ್ಪ್ರಿಂಗ್ (ವಾಚನ್ನು ಓಡಿಸುವ ಸುರುಳಿ), ಬೆಲ್ಟು ಬದಲಾದರೆ ನಷ್ಟವಿಲ್ಲ. ವಾರ ತೋರಿಸುವ ಚಕ್ರದಲ್ಲಿ ಇಂಗ್ಲಿಷಿನ ಜೊತೆ ಅರಬಿ ಅಕ್ಷರವಿದ್ದರೆ ಅದನ್ನು ಬದಲಿಸಲೇಬೇಡಿ. ವಾಚು ಎಲ್ಲಿ ಕೊಂಡದ್ದು ಎಂಬುದಕ್ಕೆ ಅಷ್ಟು ಗಟ್ಟಿಯಾದ ಗುರುತು ಬೇರೆ ಸಿಗುವುದಿಲ್ಲ.

ಹಿಂಬದಿಯ ಮುಚ್ಚಳದ ಹೊರಮೈಯಲ್ಲಿ ಆರು ಅಂಕೆಯ ನಂಬರ್ ಇದೆ. ಮೊದಲ ಅಂಕೆ ವರ್ಷದ ಕೊನೆಯ ಅಂಕೆ, ಎರಡನೆಯದು ತಿಂಗಳು. ಅಕ್ಟೋಬರಿಗೆ ಓ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ ಅಕ್ಷರ. 25 ಎಂದು ಶುರುವಾದರೆ 1982ರ ಮೇ. 6, 7 ಅಥವಾ 8ರಿಂದ ಶುರುವಾದರೆ ಮಾತ್ರ ಹತ್ತು ವರ್ಷದ ಗೊಂದಲ ಉಳಿಯುತ್ತದೆ, ಏಕೆಂದರೆ 1976 ಮತ್ತು 1986 ಎರಡೂ ಈ ಮಾದರಿಯ ವರ್ಷಗಳೇ. ಮುಚ್ಚಳ ತೆಗೆದಾಗ ಅದರ ಒಳಮೈಯನ್ನೂ ನೋಡಿ. ಹಿಂದೆ ರಿಪೇರಿ ಮಾಡಿದವರು ಸೂಜಿಯಿಂದ ಗೀಚಿದ ತಾರೀಕೋ ಗುರುತೋ ಇರಬಹುದು. ಒರೆಸುವ ಮೊದಲು ಫೋಟೊ ತೆಗೆದಿಡಿ.

ಗಲ್ಫ್ ಸೀಕೊ ಅಲ್ಲದೆ ಇನ್ನೂ ಹಳೆಯ, 1960ರ ದಶಕದ ಅಥವಾ ಅದಕ್ಕೂ ಹಿಂದಿನ ಡೈವರ್ ಕೈಗೆ ಬಂದಿದ್ದರೆ ಒಂದು ಎಚ್ಚರ. ಅಂಥ ಕೆಲವು ಡಯಲುಗಳಲ್ಲಿ ಕತ್ತಲಲ್ಲಿ ಹೊಳೆಯುವ ಬಣ್ಣಕ್ಕೆ ರೇಡಿಯಂ ಬಳಸುತ್ತಿದ್ದರು. ಹೊಳಪು ಸತ್ತಿದ್ದರೂ ರೇಡಿಯಂ ಸತ್ತಿರುವುದಿಲ್ಲ, ಅದರ ಅರ್ಧಾಯು ಸುಮಾರು 1600 ವರ್ಷ. ಆ ಪುಡಿಯನ್ನು ಕೆರೆಯಬೇಡಿ, ಊದಬೇಡಿ, ಮನೆಯಲ್ಲಿ ಬಿಚ್ಚಲೂಬೇಡಿ.

ಬೇಕಾಗುವ ಸಾಮಾನು

ಮುಚ್ಚಳ ತಿರುಗಿಸುವ ಕೀಲಿ (ಆರು ಕಚ್ಚಿಗೆ ಹೊಂದುವಂಥದ್ದು), 0.8ರಿಂದ 1.6 ಮಿ.ಮೀ.ವರೆಗಿನ ಸ್ಕ್ರೂಡ್ರೈವರುಗಳು, ತೆಳು ಮೊನೆಯ ಚಿಮುಟ ಎರಡು, ಕಣ್ಣಿಗೆ ಸಿಕ್ಕಿಸುವ 10 ಪಟ್ಟಿನ ಭೂತಗನ್ನಡಿ, ಮೆಷಿನ್ ಕಚ್ಚುವ ಹೋಲ್ಡರ್, ಮುಳ್ಳು ಎತ್ತುವ ಸನ್ನೆ, ಗ್ಲಾಸು ಕೂರಿಸುವ ಪ್ರೆಸ್. ಎಣ್ಣೆಗಳಲ್ಲಿ ವೇಗದ ಪಿವಟ್ಟುಗಳಿಗೆ (ಚಕ್ರದ ಅಚ್ಚಿನ ತುದಿಗಳಿಗೆ) ಮೋಬಿಯಸ್ 9010, ನಿಧಾನದ ಚಕ್ರಗಳಿಗೆ ಗಟ್ಟಿಯಾದ ಎಚ್‌ಪಿ 1300, ಪ್ಯಾಲೆಟ್ (ಚಕ್ರವನ್ನು ಹಲ್ಲು ಹಲ್ಲಾಗಿ ತಡೆದು ಬಿಡುವ ಪುಟ್ಟ ಕವೆ) ಕಲ್ಲಿಗೆ 9415, ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸು. ತೊಳೆಯಲು ಶುದ್ಧ ವೈಟ್ ಪೆಟ್ರೋಲ್ ಅಥವಾ ಲೈಟರ್ ದ್ರವ. ಬಂಕಿನ ಪೆಟ್ರೋಲ್ ಬೇಡ, ಆರಿದ ಮೇಲೂ ಪದರ ಬಿಟ್ಟುಹೋಗುತ್ತದೆ. ಅಡುಗೆಮನೆಯಿಂದ ದೂರ, ಕಿಟಕಿ ತೆರೆದು ಕೆಲಸ ಮಾಡಿ. ರಂಧ್ರಗಳ ಕೊಳೆ ತೆಗೆಯಲು ಅಂಗಡಿಯ ಕಡ್ಡಿಯೇ ಆಗಬೇಕೆಂದಿಲ್ಲ. ಗಟ್ಟಿ ಬಿದಿರ ಕಡ್ಡಿಯನ್ನೋ ಹಿಡಿಸೂಡಿಯ ತೆಂಗಿನ ಕಡ್ಡಿಯನ್ನೋ ಬ್ಲೇಡಿನಿಂದ ಚೂಪು ಮಾಡಿಕೊಂಡರೆ ಸಾಕು. ತುದಿ ಮೆತ್ತಗಾದಂತೆ ಮತ್ತೆ ಹೆರೆಯಬೇಕು, ಇಲ್ಲವಾದರೆ ನಾರು ಒಳಗೇ ಉಳಿಯುತ್ತದೆ.

ತೆರೆಯುವುದು

ಬೆಲ್ಟು ತೆಗೆಯಿರಿ. ಕೀಯನ್ನು ಬಿಗಿಯಾಗಿ ಒಳಕ್ಕೆ ತಿರುಗಿಸಿ, ಹೊರಗಿನ ಕೊಳೆಯನ್ನು ಮೆದು ಬ್ರಶ್ಶಿನಿಂದ ಒಣಗಿದಂತೆಯೇ ಉದುರಿಸಿ. ನೀರು ಈಗ ಬೇಡ, ರಿಂಗುಗಳ ಸ್ಥಿತಿ ಇನ್ನೂ ಗೊತ್ತಿಲ್ಲ. ಮುಚ್ಚಳ ಬಾರದಿದ್ದರೆ ಅಂಚಿನ ಸುತ್ತ ಒಂದೆರಡು ಹನಿ ತೆಳು ಎಣ್ಣೆ ಬಿಟ್ಟು ಒಂದು ರಾತ್ರಿ ಮಗುಚಿಡಿ. ಕೀಲಿ ಜಾರಿದರೆ ಮುಚ್ಚಳದ ಬರಹದ ಮೇಲೆಯೇ ಗೀರು ಬೀಳುತ್ತದೆ, ಆದ್ದರಿಂದ ಕೇಸನ್ನು ಹಿಡಿಕೆಯಲ್ಲಿ ಕಚ್ಚಿಸದೆ ತಿರುಗಿಸಬೇಡಿ.

ಒಳಗಿನ ರಿಂಗು ಬಹಳ ಸಲ ಟಾರಿನಂತೆ ಕರಗಿ ಅಂಟಿರುತ್ತದೆ. ಅದನ್ನು ಕಡ್ಡಿಯಿಂದಲೇ ತೆಗೆಯಿರಿ, ಉಕ್ಕಿನ ಮೊನೆಯಿಂದಲ್ಲ. ರಿಂಗು ಕೂರುವ ತಗ್ಗಿನಲ್ಲಿ ಒಂದು ಗೀರು ಬಿದ್ದರೂ ನೀರಿಗೆ ಅದೇ ದಾರಿ. ಕೀಯ ಬಳಿ ಕಂದು ಪುಡಿ ಕಂಡರೆ ನೀರು ಹೋದದ್ದು ಅಲ್ಲಿಂದಲೇ. ತುಕ್ಕು ಮೊದಲು ಸ್ಟೆಮ್ಮಿಗೆ (ಕೀಯಿಂದ ಮೆಷಿನಿನೊಳಗೆ ಹೋಗುವ ಉಕ್ಕಿನ ಕಡ್ಡಿಗೆ), ಆಮೇಲೆ ಅದರ ಸುತ್ತಲಿನ ಉಕ್ಕಿನ ಭಾಗಗಳಿಗೆ ಹಿಡಿಯುತ್ತದೆ.

ಸ್ಟೆಮ್ ಮುರಿದು ತುಂಡು ಕೀಯೊಳಗೆ ಸಿಕ್ಕಿಕೊಂಡರೆ ಕೊರೆಯಲು ಹೋಗಬೇಡಿ. ದಿನಸಿ ಅಂಗಡಿಯ ಪಟಿಕವನ್ನು ಬಿಸಿ ನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಕರಗಿಸಿ, ಕೀಯೊಂದನ್ನೇ ಗಾಜಿನ ಲೋಟದಲ್ಲಿ ಮುಳುಗಿಸಿ ಬೆಚ್ಚಗಿಡಿ. ಒಂದೆರಡು ದಿನದಲ್ಲಿ ಸ್ಟೆಮ್ಮಿನ ಉಕ್ಕು ಕಪ್ಪು ಕೆಸರಾಗಿ ಬಿಡುತ್ತದೆ, ಕೀಯ ಸ್ಟೇನ್‌ಲೆಸ್ ಉಳಿಯುತ್ತದೆ. ಕೀಯೊಳಗಿನ ರಿಂಗನ್ನು ಹೇಗೂ ಹೊಸತು ಹಾಕಬೇಕು.

ಮೆಷಿನ್

ಹಳೆಯ ಅಂಗಡಿಗಳಲ್ಲಿ ‘ಪೆಟ್ರೋಲ್ ವಾಶ್’ ಎಂದು ಮೆಷಿನನ್ನು ಬಿಚ್ಚದೆ ಮುಳುಗಿಸಿ ತೆಗೆಯುವ ಅಭ್ಯಾಸವಿದೆ. ಅದು ಗಟ್ಟಿಯಾದ ಎಣ್ಣೆಯನ್ನು ಕರಗಿಸಿ ಇನ್ನೊಂದೆಡೆ ಹಚ್ಚುವ ಕೆಲಸ. ವಾಚು ಓಡುತ್ತದೆ, ಆದರೆ ಒಣ ಪಿವಟ್ಟಿನ ಮೇಲೆ ಓಡುತ್ತದೆ, ರಂಧ್ರ ಸವೆಯುತ್ತದೆ. ಪೂರ್ತಿ ಬಿಚ್ಚುವ ಧೈರ್ಯವಿಲ್ಲದವರು ಈ ಭಾಗವನ್ನು ಒಳ್ಳೆಯ ರಿಪೇರಿಯವರಿಗೆ ಬಿಟ್ಟು, ಬಿಚ್ಚಿಯೇ ತೊಳೆಯಬೇಕು ಎಂದು ಮೊದಲೇ ಹೇಳಿ ಮಾತು ಪಡೆಯಿರಿ. ಮೊದಲ ಸಲ ಮಾಡುವವರು ಕೆಟ್ಟುಹೋದ ಸೀಕೊ 5 ಒಂದನ್ನು ಕೊಂಡು ಕೈ ಪಳಗಿಸಿಕೊಳ್ಳಿ. ಎಷ್ಟೋ ಸೀಕೊ 5ಗಳಲ್ಲಿ ಇದೇ 6309 ಮೆಷಿನ್ ಇದೆ, ಬಿಡಿಭಾಗಕ್ಕೂ ಆಗುತ್ತದೆ. ಚಕ್ರ, ಬ್ಯಾಲೆನ್ಸ್ (ಹಿಂದೆ ಮುಂದೆ ತೂಗಿ ಸಮಯ ಅಳೆಯುವ ಚಕ್ರ) ಹೊಂದುತ್ತವೆ. ತಾರೀಕು ಚಕ್ರ ಮಾತ್ರ ನೋಡಿ ಹಾಕಿ, ಕೀ 3ರ ಜಾಗದಲ್ಲಿದ್ದ ವಾಚಿನದಾದರೆ ಅಂಕೆಗಳು ಕಿಟಕಿಯಲ್ಲಿ ಓರೆಯಾಗಿ ಕಾಣುತ್ತವೆ.

ರೋಟರ್ (ಕೈ ಅಲುಗಿದಾಗ ತಿರುಗಿ ಸ್ಪ್ರಿಂಗ್ ಸುತ್ತುವ ಭಾರದ ತಟ್ಟೆ) ತೆಗೆದ ಮೇಲೆ, ಬೇರೆ ಯಾವ ಸ್ಕ್ರೂ ಮುಟ್ಟುವ ಮೊದಲೇ ಮೈನ್ ಸ್ಪ್ರಿಂಗಿನ ಬಿಗಿ ಇಳಿಸಬೇಕು. ಈ ಮೆಷಿನಿಗೆ ಕೈಯಿಂದ ಕೀ ಕೊಡಲಾಗದು. ಹಾಗಾಗಿ ಬ್ಯಾರೆಲ್ (ಮೈನ್ ಸ್ಪ್ರಿಂಗ್ ಇರುವ ಡಬ್ಬಿ) ಮೇಲಿನ ಹಲ್ಲುಚಕ್ರದ ಸ್ಕ್ರೂವನ್ನು ಡ್ರೈವರಿನಿಂದ ಗಟ್ಟಿಯಾಗಿ ಹಿಡಿದು, ಆ ಚಕ್ರ ಹಿಂದಕ್ಕೆ ತಿರುಗದಂತೆ ತಡೆಯುವ ಕ್ಲಿಕ್ಕನ್ನು ಕಡ್ಡಿಯಿಂದ ಸರಿಸಿ, ಡ್ರೈವರನ್ನು ಬೆರಳ ನಡುವೆ ನಿಧಾನವಾಗಿ ಹಿಂದಕ್ಕೆ ತಿರುಗಲು ಬಿಡಿ. ಇದನ್ನು ಮರೆತು ಪ್ಯಾಲೆಟ್ ಹಿಡಿದಿಟ್ಟಿರುವ ಸೇತುವೆಯಂಥ ತಟ್ಟೆ ಬಿಚ್ಚಿದರೆ ಚಕ್ರಗಳು ಒಮ್ಮೆಲೇ ಗಿರ್ರನೆ ತಿರುಗಿ ಪಿವಟ್ ಮುರಿಯುತ್ತದೆ. ಹೊಸಬರ ಕೈಯಲ್ಲಿ ಹಾಳಾಗುವ ಮೆಷಿನುಗಳಿಗೆ ಇದೊಂದು ದೊಡ್ಡ ಕಾರಣ.

ಬಿಚ್ಚಿದ ಪ್ರತಿ ಹಂತಕ್ಕೂ ಒಂದು ಫೋಟೊ, ಪ್ರತಿ ಗುಂಪಿಗೂ ಮುಚ್ಚಳವಿರುವ ಒಂದು ಡಬ್ಬಿ. ಸ್ಕ್ರೂಗಳು ಒಂದೇ ತರ ಕಂಡರೂ ಉದ್ದ ಬೇರೆ ಇರುತ್ತದೆ. ಭಾಗಗಳನ್ನು ವೈಟ್ ಪೆಟ್ರೋಲಿನಲ್ಲಿ 10–15 ನಿಮಿಷ ಇಟ್ಟು, ಮೆದು ಬ್ರಶ್ಶಿನಿಂದ ಉಜ್ಜಿ, ಪಿವಟ್ ಕೂರುವ ಪ್ರತಿ ಕಲ್ಲಿನ ರಂಧ್ರಕ್ಕೂ ಕಡ್ಡಿ ತಿರುಗಿಸಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಜಾಲಿಸಿ. ಆದರೆ ಪ್ಯಾಲೆಟ್ ಫೋರ್ಕ್ ಮತ್ತು ಬ್ಯಾಲೆನ್ಸನ್ನು ಆಲ್ಕೊಹಾಲಿಗೆ ಹಾಕಬೇಡಿ. ಅವುಗಳ ಪುಟ್ಟ ಕಲ್ಲುಗಳನ್ನು ಅರಗಿನಿಂದ ಅಂಟಿಸಿರುತ್ತಾರೆ, ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ಅವೆರಡಕ್ಕೆ ಲೈಟರ್ ದ್ರವ ಸಾಕು.

ಮೈನ್ ಸ್ಪ್ರಿಂಗ್ ವಿಷಯದಲ್ಲಿ ಆಟೋಮ್ಯಾಟಿಕ್ ವಾಚಿನ ಗುಟ್ಟೊಂದಿದೆ. ಸ್ಪ್ರಿಂಗಿನ ಹೊರತುದಿ ಬ್ಯಾರೆಲ್ಲಿಗೆ ಸಿಕ್ಕಿಕೊಂಡಿರುವುದಿಲ್ಲ, ಗೋಡೆಗೆ ಒತ್ತಿಕೊಂಡಿರುತ್ತದೆ. ಪೂರ್ತಿ ಸುತ್ತಿದಾಗ ಜಾರಬೇಕು, ಅದಕ್ಕೆ ಮೊದಲು ಜಾರಬಾರದು. ಸಾದಾ ಎಣ್ಣೆ ಗೋಡೆಗೆ ಹಚ್ಚಿದರೆ ಬೇಗ ಜಾರಿ, ಹಗಲೆಲ್ಲ ಕಟ್ಟಿದ್ದ ವಾಚು ಬೆಳಗಿನ ಜಾವಕ್ಕೆ ನಿಂತಿರುತ್ತದೆ. ಗೋಡೆಗೆ ಬ್ರೇಕಿಂಗ್ ಗ್ರೀಸು, ಉದಾಹರಣೆಗೆ ಮೋಬಿಯಸ್ 8217, ನಾಲ್ಕೈದು ಕಡೆ ಚುಕ್ಕಿಯಷ್ಟು ಇಡಿ.

ಎಣ್ಣೆ ಕಲ್ಲಿನ ಬಟ್ಟಲಿನ ಅರ್ಧಕ್ಕಿಂತ ಹೆಚ್ಚಾಗಬಾರದು. ಹೆಚ್ಚಾದ ಎಣ್ಣೆ ಅಲ್ಲಿ ನಿಲ್ಲದೆ ಹರಿದು ಬ್ಯಾಲೆನ್ಸಿನ ಕೂದಲೆಳೆಯಂಥ ಹೇರ್ ಸ್ಪ್ರಿಂಗಿಗೆ ತಲುಪುತ್ತದೆ, ಸುತ್ತುಗಳು ಅಂಟುತ್ತವೆ, ವಾಚು ದಿನಕ್ಕೆ ಹಲವು ನಿಮಿಷ ಮುಂದೆ ಓಡುತ್ತದೆ. ಪ್ಯಾಲೆಟ್ ಫೋರ್ಕಿನ ಪಿವಟ್ಟಿಗೆ ಎಣ್ಣೆಯೇ ಬೇಡ. ಎಣ್ಣೆ ತಾಗದೆಯೂ ಮುಂದೆ ಓಡಿದರೆ ಅಯಸ್ಕಾಂತದ ಸಂಶಯ. ಸ್ಪೀಕರಿನ ಬಳಿ ಇಟ್ಟ ವಾಚಿಗೆ ಹೀಗಾಗುತ್ತದೆ, ಡಿಮ್ಯಾಗ್ನೆಟೈಸರಿನಲ್ಲಿ ಒಂದು ನಿಮಿಷದ ಕೆಲಸ. ಗಂಟೆಗೆ 21,600 ಬಡಿತದ ಈ ಮೆಷಿನ್ ದಿನಕ್ಕೆ 20 ಸೆಕೆಂಡಿನ ಒಳಗೆ ಹೆಚ್ಚುಕಡಿಮೆಯಾದರೆ ತೃಪ್ತಿಪಡಿ. ಅದಕ್ಕಿಂತ ಬೆನ್ನು ಹತ್ತಿದಷ್ಟೂ ವೇಗ ತಿದ್ದುವ ರೆಗ್ಯುಲೇಟರಿಗೆ ಕೈ ತಾಗುತ್ತದೆ, ಅಷ್ಟೆ.

ಕೇಸು, ಬೆಜೆಲ್, ಗ್ಲಾಸು

ಮೆಷಿನ್ ಹೊರಗಿದ್ದಾಗ ಮಾತ್ರ ಕೇಸಿಗೆ ನೀರು. ಬೆಜೆಲ್ (ಗ್ಲಾಸಿನ ಸುತ್ತ ತಿರುಗುವ ಬಳೆ) ತಿರುಗದಿದ್ದರೆ ಒಳಗೆ ಉಪ್ಪು, ಬೆವರು, ಮಣ್ಣು ಸೇರಿ ಗಟ್ಟಿಯಾಗಿದೆ. ಬೆಚ್ಚಗಿನ ಸೋಪು ನೀರಿನಲ್ಲಿ ಒಂದು ದಿನ ನೆನೆಯಲು ಬಿಡಿ. ಕೇಸಿಗೆ ಟೇಪು ಸುತ್ತಿ, ಮೊಂಡು ಅಲಗಿನಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ಬೆಜೆಲಿನ ಅಡಿಯಲ್ಲಿ ಟಕ್ ಟಕ್ ಎನ್ನಿಸುವ ಸಾಸಿವೆಗಿಂತ ಸಣ್ಣ ಉಕ್ಕಿನ ಗುಂಡು, ಅದರ ಕೆಳಗೆ ಸ್ಪ್ರಿಂಗ್ ಇದೆ. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಎಬ್ಬಿಸಿದರೆ ಅದು ನೆಲಕ್ಕೆ ಹಾರುವುದಿಲ್ಲ.

ಗ್ಲಾಸಿನ ಅಳತೆಯನ್ನು ವರ್ನಿಯರಿನಿಂದ ತೆಗೆದುಕೊಂಡೇ ಹೊಸತು ಕೊಳ್ಳಿ. ರಬ್ಬರ್ ರಿಂಗು, ಗ್ಲಾಸು, ಮೇಲೆ ಒತ್ತುವ ಉಕ್ಕಿನ ಬಳೆ, ಈ ಕ್ರಮದಲ್ಲಿ ಪ್ರೆಸ್ಸಿನಿಂದ ಸಮನಾಗಿ ಕೂರಿಸಿ. ಓರೆಯಾಗಿ ಒತ್ತಿದರೆ ಅಂಚಿನಲ್ಲಿ ಚಕ್ಕೆ ಏಳುತ್ತದೆ.

ಮುಚ್ಚುವುದು

ಕಾಸರಗೋಡಿನ ಮಳೆಗಾಲದಲ್ಲಿ, ಜೂನಿನಿಂದ ಸೆಪ್ಟೆಂಬರ್‌ವರೆಗೆ, ಸಾಧ್ಯವಾದರೆ ವಾಚು ಮುಚ್ಚಬೇಡಿ. ಒದ್ದೆ ಗಾಳಿಯೇ ಒಳಗೆ ಉಳಿದು, ಎ.ಸಿ. ಕೋಣೆಗೆ ಹೋದ ಕೂಡಲೇ ಗ್ಲಾಸಿನ ಒಳಮೈಗೆ ಹಬೆ ಕಟ್ಟುತ್ತದೆ. ಕಾಯಲಾಗದಿದ್ದರೆ ತೆರೆದ ವಾಚನ್ನು ಹೊಸ ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿ ಒಂದು ದಿನವಿಟ್ಟು, ಎ.ಸಿ. ಹಾಕಿದ ಕೋಣೆಯಲ್ಲೇ ಮುಚ್ಚಿ. ಅಕ್ಕಿಯಲ್ಲಿ ಹೂತಿಡುವ ಉಪಾಯದಿಂದ ಒಳಗೆ ತವುಡು ಸೇರುತ್ತದೆ, ಬೇರೇನೂ ಆಗುವುದಿಲ್ಲ. ರಿಂಗಿಗೆ ಸಿಲಿಕೋನ್ ಗ್ರೀಸು ಹೊಳಪು ಬರುವಷ್ಟೇ ಹಚ್ಚಿ. ಮುದ್ದೆಯಾಗಿ ಹಚ್ಚಿದರೆ ಧೂಳು ಹಿಡಿಯುತ್ತದೆ.

ಒಳಗೆ ತೇವ ಉಳಿದಿದೆಯೇ ಎಂದು ಮನೆಯಲ್ಲೇ ನೋಡಬಹುದು. ವಾಚನ್ನು 40 ಡಿಗ್ರಿಯಷ್ಟು ಬೆಚ್ಚಗೆ ಮಾಡಿ, ಗ್ಲಾಸಿನ ಮೇಲೆ ತಣ್ಣೀರ ಒಂದು ಹನಿ ಇಡಿ, ಒಂದು ನಿಮಿಷ ಬಿಟ್ಟು ಒರೆಸಿ. ಹನಿಯ ಜಾಗದಲ್ಲಿ ಒಳಗಡೆ ಮಂಜು ಕಂಡರೆ ಮತ್ತೆ ತೆರೆಯಬೇಕು. ಇದು ತೇವದ ಪರೀಕ್ಷೆ ಮಾತ್ರ. ನೀರು ತಡೆಯುತ್ತದೆಯೇ ಎಂದು ತಿಳಿಯಲು ಗಾಳಿಯ ಒತ್ತಡದ ಯಂತ್ರವೇ ಬೇಕು. ಮಂಗಳೂರಿಗೆ ಹೋಗುವ ಮೊದಲು ಅಂಗಡಿಯಲ್ಲಿ ಆ ಯಂತ್ರ ಇದೆಯೇ ಎಂದು ಫೋನಿನಲ್ಲಿ ಕೇಳಿಕೊಳ್ಳಿ. ಪಾಸಾದರೂ ಕಡಲಿಗೆ, ಚಂದ್ರಗಿರಿ ಹೊಳೆಗೆ ಕಟ್ಟಿಕೊಂಡು ಇಳಿಯಬೇಡಿ. ಡಯಲಿನ 150 ಮೀಟರ್ ಹೊಸ ಕೇಸಿಗೆ ಕೊಟ್ಟ ಮಾತು. ನಲವತ್ತು ವರ್ಷ ಸವೆದ ಕೀಯ ಕೊಳವೆಗೆ ಅದು ಅನ್ವಯಿಸದು.

ಬೆಲ್ಟಿನ ಅಗಲ 22 ಮಿ.ಮೀ. ಸ್ಪ್ರಿಂಗ್‌ಬಾರ್ (ಬೆಲ್ಟನ್ನು ಕೇಸಿಗೆ ಹಿಡಿದಿಡುವ ಕಡ್ಡಿ) ಸೀಕೊ ಡೈವರಿನ ದಪ್ಪದ್ದೇ, 2.5 ಮಿ.ಮೀ.ಯದ್ದು ಇರಲಿ. ತೆಳುವಾದದ್ದು ರಂಧ್ರದಲ್ಲಿ ಆಡಿ ಕಳಚಿ ಬೀಳುತ್ತದೆ. ರಾತ್ರಿ 9ರಿಂದ ಬೆಳಗಿನ 4ರ ನಡುವೆ ತಾರೀಕು, ವಾರ ತಿರುಗಿಸಬೇಡಿ, ಆಗ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ತೆಗೆದ ಹಳೆಯ ಗ್ಲಾಸು, ಸ್ಟೆಮ್, ಸ್ಪ್ರಿಂಗುಗಳನ್ನು ಎಸೆಯದೆ ಚೀಟಿ ಬರೆದ ಪೊಟ್ಟಣದಲ್ಲಿಡಿ. ಮುಂದೊಂದು ದಿನ ಆ ಗೆಳೆಯನ ಮಕ್ಕಳು ಕೇಳಿದರೆ ವಾಚಿನ ಜೊತೆ ಅದನ್ನೂ ಕೊಡಬೇಕಾಗುತ್ತದೆ.